ವೀರಗಲ್ಲಿನ ಚಿತ್ರಕ್ಕೆ ಅರ್ಧ ಆಂಪಿಯರ್ ಸಾಲಲಿಲ್ಲ

ನಮ್ಮ ಮನೆಯ ಗೋಡೆ ಬೀರುವಿನಲ್ಲಿ ಐದು ವಾರ ಒಂದು ಮೆಮೊರಿ ಕಾರ್ಡ್ ಕೂತಿತ್ತು. ಅದನ್ನು ಕಾಗದದಲ್ಲಿ ಸುತ್ತಿ, ಟೇಪು ಹಚ್ಚಿ, ಮೇಲೆ ಕೆಂಪು ಪೆನ್ನಿನಲ್ಲಿ "ಯಾರೂ ಮುಟ್ಟಬೇಡಿ" ಅಂತ ಬರೆದಿದ್ದೆ. ನಮ್ಮನೆಯವರು ದಿನಾ ಬೆಳಗ್ಗೆ ಕನ್ನಡಕ ತೆಗೆದುಕೊಳ್ಳುವಾಗ ಅದನ್ನು ನೋಡಿ, ಏನೂ ಕೇಳದೆ ಬಾಗಿಲು ಹಾಕುತ್ತಿದ್ದರು. ಅದರೊಳಗೆ ಏನಿದೆ ಅಂತ ಅವರಿಗೂ ಗೊತ್ತಿತ್ತು. ಅಥವಾ ಏನಿರಬಹುದು ಅಂತ. ನೋಡಬೇಕು ಅಂದರೆ ನನ್ನ ಹಳೇ ಲ್ಯಾಪ್‌ಟಾಪಿಗೆ ಮೊದಲು ಒಂದು ಹೊರಗಿನ ಡಿಸ್ಕ್ ಜೋಡಿಸಬೇಕಿತ್ತು. ಅಷ್ಟು ಸಣ್ಣ ಕೆಲಸ ಅಂದುಕೊಂಡಿದ್ದು ಜೂನ್ ಪೂರ್ತಿ, ಜುಲೈ ಅರ್ಧ ತಿಂದುಹಾಕಿತು.

ನಾನು ಸೊರಬ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ರಜೆ ಬಂದರೆ ಕ್ಯಾಮೆರಾ ಹಿಡಿದು ಕಲ್ಲು ಹುಡುಕಿಕೊಂಡು ಹೋಗುತ್ತೇನೆ. ನಮ್ಮ ಕಡೆ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಬರವಿಲ್ಲ. ಕೆರೆ ಏರಿಯ ಮೇಲೆ, ದೇವಸ್ಥಾನದ ಹಿಂದೆ, ಅಡಿಕೆ ತೋಟದ ಬೇಲಿಯಲ್ಲಿ, ಎಲ್ಲೆಂದರಲ್ಲಿ ನಿಂತಿವೆ. ಶಾಸನತಜ್ಞ ಬಿ.ಎಲ್. ರೈಸ್ ಅವರು ನೂರು ವರ್ಷಕ್ಕೂ ಹಿಂದೆ ಸೊರಬದ ಶಾಸನಗಳನ್ನು ಪಟ್ಟಿ ಮಾಡಿ ಅಚ್ಚು ಹಾಕಿಸಿದ್ದರು. ಆದರೂ ಅಕ್ಷರವಿಲ್ಲದ ಕಲ್ಲು, ಅರ್ಧ ಹುಗಿದುಹೋದ ಕಲ್ಲು, ಊರಿನವರಿಗೆ ಮಾತ್ರ ಗೊತ್ತಿರುವ ಕಲ್ಲು ಇನ್ನೂ ಎಷ್ಟೋ ಇವೆ.

ಒಂದು ಕಲ್ಲಿಗೆ ಒಂದು ಚಿತ್ರ ಸಾಲುವುದಿಲ್ಲ. ಸವೆದ ಅಕ್ಷರ ನೇರ ಬಿಸಿಲಲ್ಲಿ ಕಾಣುವುದೇ ಇಲ್ಲ. ಬೆಳಕು ಓರೆಯಾಗಿ ಬೀಳಬೇಕು. ಎಡದಿಂದ ಟಾರ್ಚ್ ಹಿಡಿದು ಒಂದಿಷ್ಟು, ಬಲದಿಂದ ಒಂದಿಷ್ಟು, ಮೇಲಿಂದ, ಕೆಳಗಿಂದ. ಹೀಗೆ ಒಂದು ಕಲ್ಲಿಗೆ 30ರಿಂದ 40 ಚಿತ್ರ ಆಗುತ್ತವೆ. ಆಮೇಲೆ ಕತ್ತಲು, ಬೆಳಕು ಸರಿ ಮಾಡಿಕೊಳ್ಳಲು ಆಗಬೇಕು ಅಂತ ರಾ ಫೈಲಿನಲ್ಲೇ, ಅಂದರೆ ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಹಾಗೇ ಇಡುವ ಫೈಲಿನಲ್ಲೇ ತೆಗೆಯುತ್ತೇನೆ. ಒಂದೊಂದು ಚಿತ್ರ 25ರಿಂದ 28 ಎಂಬಿ. ಲೆಕ್ಕ ಹಾಕಿದರೆ ಒಂದು ಕಲ್ಲಿಗೆ ಒಂದು ಜಿಬಿ. ನನ್ನ ಹತ್ತಿರ 290 ಕಲ್ಲುಗಳ ಫೋಲ್ಡರ್ ಇತ್ತು.

ಲ್ಯಾಪ್‌ಟಾಪ್ 2011ರ ಡಿಸೆಂಬರಿನದು. ಇಂಟೆಲ್‌ನ ಎರಡನೇ ತಲೆಮಾರಿನ ಐ5, 500 ಜಿಬಿಯ ಹಾರ್ಡ್ ಡಿಸ್ಕ್. ವಿಂಡೋಸ್ ಅದನ್ನು 465 ಜಿಬಿ ಅಂತ ತೋರಿಸುತ್ತದೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅದಕ್ಕೇ ಈ ವ್ಯತ್ಯಾಸ. ಮೇ ತಿಂಗಳಲ್ಲಿ ಅದರ ಜಾಗ ತೋರಿಸುವ ಪಟ್ಟಿ ಪೂರ್ತಿ ಕೆಂಪಾಯಿತು. ಉಳಿದಿದ್ದು 2 ಜಿಬಿ.

ಬೆಂಗಳೂರಿನಲ್ಲಿರುವ ಮಗ, "ಅಮ್ಮಾ, ಹೊಸದೇ ತಗೊಂಡ್ಬಿಡು. ಇಲ್ಲಾಂದ್ರೆ ಕ್ಲೌಡ್‌ಗೆ ಹಾಕು" ಅಂದ. ನಮ್ಮೂರಿನಲ್ಲಿ ನೆಟ್ ಅಂದರೆ ಮೊಬೈಲು. ದಿನಕ್ಕೆ 1.5 ಜಿಬಿ. ಅಷ್ಟನ್ನೂ ಇದಕ್ಕೇ ಸುರಿದರೂ 290 ಜಿಬಿ ಮೇಲೇರಲು ಆರು ತಿಂಗಳು ಮೀರುತ್ತದೆ. ಮಳೆಗಾಲದಲ್ಲಿ ಟವರ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಸ ಲ್ಯಾಪ್‌ಟಾಪ್ ಬೇಡ ಅನ್ನಲು ಕಾರಣ ಬೇರೆ. ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ. ರ‍್ಯಾಮ್ 8 ಜಿಬಿಗೆ ಏರಿಸಿದ ಮೇಲೆ ನನ್ನ ಕೆಲಸಕ್ಕೆ ಏನೂ ಕಡಿಮೆಯಾಗಿಲ್ಲ. ಜಾಗ ಮಾತ್ರ ಇಲ್ಲ. ಜಾಗಕ್ಕೋಸ್ಕರ ಇಡೀ ಮನೆ ಕೆಡವುವುದು ಯಾಕೆ ಅನ್ನಿಸಿತು.

ಮೊದಲು ಮಾಡಿದ ಕೆಲಸದಿಂದ ದೊಡ್ಡ ಪೆಟ್ಟು ತಿಂದೆ. ಅದನ್ನು ಬಿಡಿಸಿ ಹೇಳಲೇಬೇಕು.

ಆನ್‌ಲೈನಿನಲ್ಲಿ 2 ಟಿಬಿ ಪೆನ್‌ಡ್ರೈವ್ ಕಂಡಿತು. ಬೆಲೆ ಸಾವಿರ ರೂಪಾಯಿಗಿಂತ ಕಡಿಮೆ. ತರಿಸಿದೆ. ಚುಚ್ಚಿದಾಗ ವಿಂಡೋಸ್ ಕೂಡ ಅಷ್ಟೇ ದೊಡ್ಡ ಜಾಗ ತೋರಿಸಿತು. ಹಳೇ ಫೋಲ್ಡರ್‌ನಿಂದ ಶುರು ಮಾಡಿ 40 ಕಲ್ಲುಗಳನ್ನು ಕಾಪಿ ಮಾಡಿದೆ. ಕೊನೆಗೆ ಏಪ್ರಿಲ್‌ನಲ್ಲಿ ತೆಗೆದ ಐದು ಕಲ್ಲುಗಳನ್ನೂ ಸೇರಿಸಿದೆ. ಮೊದಲಿನ ಎರಡು ಮೂರು ಫೋಲ್ಡರ್ ತೆಗೆದು ನೋಡಿದೆ. ಚಿತ್ರ ಸರಿಯಾಗಿ ಬಂದವು. ಕ್ಯಾಮೆರಾದಲ್ಲಿ ಹೊಸ ಚಿತ್ರಗಳು ಕಾಯುತ್ತಿದ್ದವು, ಜಾಗ ಬೇಕಿತ್ತು. ಆ ಐದು ಫೋಲ್ಡರನ್ನು ಲ್ಯಾಪ್‌ಟಾಪಿನಿಂದ ಅಳಿಸಿದೆ. ಹೊಸ ಚಿತ್ರಗಳನ್ನು ಅದೇ ಜಾಗಕ್ಕೆ ಇಳಿಸಿದೆ.

ಜೂನ್ ಮೊದಲ ವಾರ ಮಕ್ಕಳಿಗೆ ತೋರಿಸೋಣ ಅಂತ ಪೆನ್‌ಡ್ರೈವ್ ತೆಗೆದರೆ ಆ ಐದೂ ಫೋಲ್ಡರಿನ ಒಂದು ಚಿತ್ರವೂ ತೆರೆಯಲಿಲ್ಲ. ಹೆಸರಿದೆ, ಗಾತ್ರ ಇದೆ, ಒಳಗೆ ಏನೂ ಇಲ್ಲ. ಮಗ ಫೋನಿನಲ್ಲೇ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಸಣ್ಣ ಪ್ರೋಗ್ರಾಂ ಹಾಕಿಸಿದ. ಅದು ಪೆನ್‌ಡ್ರೈವಿನ ತುಂಬ ಗುರುತಿನ ಡೇಟಾ ಬರೆಯುತ್ತದೆ. ಆಮೇಲೆ ಬರೆದದ್ದೇ ವಾಪಸ್ ಬರುತ್ತದಾ ಅಂತ ಓದಿ ನೋಡುತ್ತದೆ. 2 ಟಿಬಿ ಪೂರ್ತಿ ಪರೀಕ್ಷೆ ಮಾಡಲು ಎರಡು ದಿನದ ಮೇಲೆ ಬೇಕು. ಅದಕ್ಕೆ ಮೊದಲ 64 ಜಿಬಿ ಮಾತ್ರ ಅಂತ ಹಾಕಿದೆವು. ಸರಿಯಾಗಿ ವಾಪಸ್ ಬಂದಿದ್ದು 29 ಜಿಬಿ. ಅಂದರೆ ಒಳಗೆ ಇದ್ದಿದ್ದು 32 ಜಿಬಿಯ ಚಿಪ್ಪು. ಅದನ್ನು ನಡೆಸುವ ಕಂಟ್ರೋಲರಿಗೆ 2 ಟಿಬಿ ಅಂತ ಸುಳ್ಳು ಹೇಳಲು ಕಲಿಸಿದ್ದಾರೆ. ಚಿಪ್ಪು ತುಂಬಿದ ಮೇಲೂ ಅದು ಫೈಲುಗಳನ್ನು ತೆಗೆದುಕೊಳ್ಳುತ್ತಲೇ ಇರುತ್ತದೆ. ಹೆಸರಿನ ಪಟ್ಟಿ ಬೆಳೆಯುತ್ತದೆ, ಡೇಟಾ ಎಲ್ಲೂ ಇಳಿಯುವುದಿಲ್ಲ. ಕಾಪಿ ಮಾಡುವಾಗ ಒಂದು ಎಚ್ಚರಿಕೆಯೂ ಬರುವುದಿಲ್ಲ. ದುಡ್ಡು ವಾಪಸ್ ಬಂತು. ಚಿತ್ರಗಳನ್ನು ಯಾರು ವಾಪಸ್ ಕೊಡುತ್ತಾರೆ?

ಐದೂ ಊರುಗಳಿಗೆ ಮತ್ತೆ ಹೋದೆ. ಜೂನ್ ಮಳೆ, ಕೊಡೆ ಹಿಡಿದುಕೊಂಡು ನಾಲ್ಕು ಕಲ್ಲುಗಳನ್ನು ಹೊಸದಾಗಿ ತೆಗೆದೆ. ಐದನೆಯದು ಒಂದು ಸಣ್ಣ ಈಶ್ವರ ದೇವಸ್ಥಾನದ ಅಂಗಳದ್ದು. ಏಪ್ರಿಲ್‌ನಲ್ಲಿ ನಾನು ನೋಡಿದಾಗ ಮಣ್ಣಿನಲ್ಲಿ ಓರೆಯಾಗಿ ನಿಂತಿತ್ತು. ಮೂರು ಪಟ್ಟಿಕೆಯ ಕಲ್ಲು. ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನ ಹಿಂದೆ ನಾಲ್ಕು ಹಸುಗಳಿದ್ದವು. ತುರು ಕಾಯಲು ಹೋಗಿ ಸತ್ತವನ ಕಲ್ಲು ಅದು. ಹಸುಗಳ ಮೇಲಿನ ಅಂಚಿನಲ್ಲಿ ಎರಡು ಸಾಲು ಅಕ್ಷರ.

ಈಗ ಅಂಗಳಕ್ಕೆ ಕಾಂಕ್ರೀಟ್ ಹಾಕಿದ್ದರು. ಕಲ್ಲನ್ನು ನೇರ ಮಾಡಿ ನಿಲ್ಲಿಸಿ, ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿದ್ದರು. ಕೆಳಗಿನ ಪಟ್ಟಿಕೆ ಪೂರ್ತಿ ಕಟ್ಟೆಯೊಳಗೆ ಹೋಗಿತ್ತು. ಹಸುಗಳಿಲ್ಲ, ಬಿಲ್ಲಿಲ್ಲ, ಸಾಲುಗಳಿಲ್ಲ.

ಸಮಿತಿಯ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ನಿಂತರು. "ಕಲ್ಲು ಬೀಳ್ತಿತ್ತು ಅಕ್ಕೋರೆ. ಈ ಮಳೆಗೆ ಬಿದ್ರೆ ಎರಡು ತುಂಡಾಗ್ತಿತ್ತು. ಅದ್ಕೇ ಕಟ್ಟೆ ಹಾಕ್ಸಿದ್ವಿ" ಅಂದರು. ಅವರ ಮಾತು ಸುಳ್ಳಲ್ಲ. ಅವರು ಕಲ್ಲನ್ನು ಉಳಿಸಲೆಂದೇ ಮಾಡಿದ್ದರು. ನಾನು ಏನು ಹೇಳಲಿ? ಅದರ ಕಾಲು ಕಾಣುವ ಚಿತ್ರ ನನ್ನ ಹತ್ತಿರ ಇತ್ತು, ನಾನೇ ಅಳಿಸಿದೆ ಅಂತ ಹೇಳಲು ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಕೂತು ಬರುವಾಗ ಅತ್ತೆ.

ಆ ರಾತ್ರಿ ಮಗ ಒಂದು ಪ್ರಶ್ನೆ ಕೇಳಿದ. "ಅಮ್ಮಾ, ಏಪ್ರಿಲ್‌ನಲ್ಲಿ ಯಾವ ಕಾರ್ಡಲ್ಲಿ ತೆಗ್ದಿದ್ದೆ? ಆಮೇಲೆ ಅದ್ರಲ್ಲಿ ಎಷ್ಟು ಚಿತ್ರ ತೆಗ್ದಿದೀಯ?" ನನ್ನ ಹತ್ತಿರ ಎರಡು 32 ಜಿಬಿ ಕಾರ್ಡ್. ಒಂದಾದ ಮೇಲೆ ಒಂದು ಬಳಸುತ್ತೇನೆ. ಏಪ್ರಿಲ್‌ನ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದ್ದೆ. ಮೇ ತಿಂಗಳಲ್ಲಿ ಅರ್ಧದಷ್ಟು ತುಂಬಿತ್ತು. ಸಾಮಾನ್ಯವಾಗಿ ಕ್ಯಾಮೆರಾ ಫಾರ್ಮ್ಯಾಟ್ ಮಾಡಿದಾಗ ಸೂಚಿಪುಟ ಮಾತ್ರ ಹರಿದುಹಾಕುತ್ತದಂತೆ. ಪುಟಗಳು ಒಳಗೇ ಇರುತ್ತವೆ, ಅವುಗಳ ಮೇಲೆ ಹೊಸದು ಬರೆಯುವವರೆಗೆ. "ಇವತ್ತಿಂದ ಆ ಕಾರ್ಡನ್ನ ಕ್ಯಾಮೆರಾಗೆ ಹಾಕ್ಲೇಬೇಡ" ಅಂದ. ಆಗ ಕಟ್ಟಿದ್ದೇ ಆ ಕಾಗದದ ಪೊಟ್ಟಣ.

ಪುಟಗಳನ್ನು ಹುಡುಕಿ ತೆಗೆಯುವ ಪ್ರೋಗ್ರಾಂ ಫೋಟೊರೆಕ್. ಉಚಿತವಾಗಿಯೇ ಸಿಗುತ್ತದೆ. ಆದರೆ ಒಂದು ಕಟ್ಟುನಿಟ್ಟು ಇದೆ. ಸಿಕ್ಕ ಚಿತ್ರವನ್ನು ಅದೇ ಕಾರ್ಡಿನ ಮೇಲೆ ಇಳಿಸಬಾರದು, ಇಳಿಸಿದರೆ ಇನ್ನೂ ಸಿಗದ ಚಿತ್ರ ಅಳಿದುಹೋಗಬಹುದು. ಬೇರೆ ಜಾಗ ಬೇಕು. ಲ್ಯಾಪ್‌ಟಾಪಿನಲ್ಲಿ 2 ಜಿಬಿ ಇದೆ. ಹೀಗೆ ಡಿಸ್ಕ್ ತರುವುದು ಅವಸರದ ಕೆಲಸವಾಯಿತು.

ಈ ಸಲ ಶಿವಮೊಗ್ಗಕ್ಕೇ ಹೋದೆ. ಅಂಗಡಿಯಲ್ಲಿ ನಿಂತು, ಅವರ ಕಂಪ್ಯೂಟರಿಗೇ ಹಾಕಿಸಿ ನೋಡಿ, ಬಿಲ್ ಬರೆಸಿಕೊಂಡು 1 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ತಂದೆ. ಅಂಗಡಿಯಲ್ಲಿ 931 ಜಿಬಿ ಅಂತ ತೋರಿಸಿತು. ಆ ಲೆಕ್ಕ ಈಗ ನನಗೆ ಗೊತ್ತಿತ್ತು, ಗಾಬರಿಯಾಗಲಿಲ್ಲ.

ಮನೆಗೆ ಬಂದು ಚುಚ್ಚಿದೆ. ಲೈಟ್ ಹತ್ತಿತು. ಒಳಗೆ ಏನೋ ತಿರುಗಲು ಶುರುವಾದ ಸದ್ದು. ಆಮೇಲೆ ಟಿಕ್. ಟಿಕ್. ಟಿಕ್. ಲೈಟ್ ಆರಿತು. ಮತ್ತೆ ಹತ್ತಿತು. ಮತ್ತೆ ಟಿಕ್. ವಿಂಡೋಸ್ ಹೊಸ ಸಾಧನ ಬಂತು ಅಂತ ಸದ್ದು ಮಾಡಿ, ಹೋಯಿತು ಅಂತ ಇನ್ನೊಂದು ಸದ್ದು ಮಾಡಿತು. ಮೂರೂ ಯುಎಸ್‌ಬಿ ಕಿಂಡಿಗಳಲ್ಲಿ ಇದೇ ಕತೆ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂದರೆ ಸಾಯುತ್ತಿದೆ ಅಂತ ಕೇಳಿದ್ದೆ. ಒಡೆದ ಡಿಸ್ಕೇ ಬಂತಲ್ಲ ಅಂತ ಸಂಕಟವಾಯಿತು.

ಮುಂದಿನ ಶನಿವಾರ ಶಾಲೆ ಮುಗಿಸಿ ಮತ್ತೆ ಶಿವಮೊಗ್ಗ. ಅಂಗಡಿಯ ಹುಡುಗ ತನ್ನ ಕಂಪ್ಯೂಟರಿಗೆ ಹಾಕಿದ. ಸುಮ್ನೆ ತಿರುಗಿತು, ಒಂದು ಟಿಕ್ ಇಲ್ಲ. ನನಗೆ ಮಾತೇ ಹೊರಡಲಿಲ್ಲ. ಪುಣ್ಯಕ್ಕೆ ಲ್ಯಾಪ್‌ಟಾಪನ್ನೂ ಚೀಲದಲ್ಲಿ ತಂದಿದ್ದೆ. ಅವನು ಬೆರಳುದ್ದದ ಒಂದು ಮೀಟರ್ ತೆಗೆದು, ಲ್ಯಾಪ್‌ಟಾಪಿನ ಕಿಂಡಿಗೂ ಡಿಸ್ಕಿಗೂ ನಡುವೆ ಸಿಕ್ಕಿಸಿದ. ಅದರಲ್ಲಿ ವೋಲ್ಟು, ಆಂಪಿಯರು ಎರಡೂ ಕಾಣುತ್ತವೆ. ಡಿಸ್ಕ್ ಏಳಲು ಹೋದ ತಕ್ಷಣ 5 ವೋಲ್ಟ್ ಇದ್ದದ್ದು 4.3ಕ್ಕೆ ಕುಸಿಯಿತು. ಟಿಕ್ ಅಂದಿತು.

"ಮೇಡಂ, ಡಿಸ್ಕ್ ಚೆನ್ನಾಗಿದೆ. ನಿಮ್ಮ ಲ್ಯಾಪ್‌ಟಾಪ್ ಅದಕ್ಕೆ ಕರೆಂಟ್ ಕೊಡೋಕೆ ಆಗ್ತಿಲ್ಲ" ಅಂದ.

ಆಮೇಲೆ ಅವನು ಹೇಳಿದ್ದನ್ನು ನನ್ನ ಮಾತಲ್ಲಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಮೊದಲೇ ತಿಳಿದಿದ್ದರೆ ನನಗೆ ಒಂದು ವಾರ ಉಳಿಯುತ್ತಿತ್ತು. ಪೋರ್ಟಬಲ್ ಡಿಸ್ಕಿಗೆ ಬೇರೆ ಪ್ಲಗ್ ಇಲ್ಲ. ಡೇಟಾ ಹೋಗುವ ತಂತಿಯಲ್ಲೇ ಅದರ ಊಟವೂ ಬರಬೇಕು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ್ದು 500 ಮಿಲಿ ಆಂಪಿಯರ್, ಅಂದರೆ ಅರ್ಧ ಆಂಪಿಯರ್. ಯುಎಸ್‌ಬಿ 3.0 ಆದರೆ 900. ಹಾರ್ಡ್ ಡಿಸ್ಕಿನ ಒಳಗೆ ತಟ್ಟೆಗಳಿವೆ, ಅವನ್ನು ತಿರುಗಿಸಲು ಒಂದು ಮೋಟಾರಿದೆ. ತಿರುಗುತ್ತಿರುವಾಗ ಅದಕ್ಕೆ ಜಾಸ್ತಿ ಬೇಡ. ನಿಂತದ್ದು ಏಳುವ ಆ ಕ್ಷಣದಲ್ಲಿ ಮಾತ್ರ ಒಂದು ಆಂಪಿಯರ್ ಹತ್ತಿರ ಕೇಳುತ್ತದೆ. ತುಂಬಿದ ಗಾಡಿ ಮೊದಲು ಉರುಳುವಾಗ ಎತ್ತುಗಳು ಹೇಗೆ ಕುತ್ತಿಗೆ ಕೊಡಬೇಕೋ ಹಾಗೆ. ನನ್ನ ಲ್ಯಾಪ್‌ಟಾಪಿನ ಕಿಂಡಿಗಳಿಗೆ ಆ ಒಂದು ಕ್ಷಣದ ಬಲ ಇರಲಿಲ್ಲ.

ಎರಡನೇ ತಲೆಮಾರಿನ ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ಯುಎಸ್‌ಬಿ 3.0 ಇರಲಿಲ್ಲ, ಅದು ಸೇರಿಕೊಂಡಿದ್ದು 2012ರ ಮೂರನೇ ತಲೆಮಾರಿನ ಜೊತೆಗೆ. ಒಂದು ವರ್ಷ ತಡವಾಗಿ ಕೊಂಡಿದ್ದರೆ ನನಗೆ ಈ ಕಷ್ಟವೇ ಬರುತ್ತಿರಲಿಲ್ಲವೇನೋ. ನಿಮ್ಮ ಹತ್ತಿರ ಯಾವುದಿದೆ ಅಂತ ನೋಡಲು ಕಿಂಡಿಯೊಳಗಿನ ಬಣ್ಣ ನಂಬಬೇಡಿ. ನೀಲಿ ಇದ್ದರೆ ಹೆಚ್ಚಾಗಿ 3.0, ಆದರೆ ಕಪ್ಪು ಬಣ್ಣದ 3.0 ಕಿಂಡಿಗಳೂ ಇವೆ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಪಟ್ಟಿ ತೆರೆಯಿರಿ. ಎಕ್ಸ್‌ಟೆನ್ಸಿಬಲ್ ಹೋಸ್ಟ್ ಕಂಟ್ರೋಲರ್ ಅಂತ ಇದ್ದರೆ 3.0 ಇದೆ. ಬರೀ ಎನ್‌ಹ್ಯಾನ್ಸ್ಡ್ ಹೋಸ್ಟ್ ಕಂಟ್ರೋಲರ್ ಅಂತ ಇದ್ದರೆ ನನ್ನ ಹಾಗೆ 2.0.

ಹುಡುಗ ಎರಡು ದಾರಿ ಹೇಳಿದ. ಒಂದು ವೈ ಕೇಬಲ್. ಡಿಸ್ಕಿನ ಕಡೆ ಒಂದು ತುದಿ, ಲ್ಯಾಪ್‌ಟಾಪಿನ ಕಡೆ ಎರಡು. ಎರಡು ಕಿಂಡಿಗಳಿಂದ ಕರೆಂಟ್ ಎಳೆದು ಒಂದು ಡಿಸ್ಕ್ ಎಬ್ಬಿಸುತ್ತದೆ. ಇನ್ನೊಂದು ಸ್ವಂತ ಅಡಾಪ್ಟರ್ ಇರುವ ಹಬ್, ಅಂದರೆ ಒಂದು ಕಿಂಡಿಯನ್ನು ಹಲವು ಕಿಂಡಿ ಮಾಡುವ ಪೆಟ್ಟಿಗೆ. ಅದು ಗೋಡೆಯ ಕರೆಂಟನ್ನು ಡಿಸ್ಕಿಗೆ ಕೊಡುತ್ತದೆ, ಲ್ಯಾಪ್‌ಟಾಪಿನಿಂದ ಡೇಟಾ ಮಾತ್ರ ಹೋಗುತ್ತದೆ. ಅಡಾಪ್ಟರ್ ಇಲ್ಲದ ಹಬ್ ತಂದರೆ ಏನೂ ಪ್ರಯೋಜನವಿಲ್ಲ, ಇರುವ ಅರ್ಧ ಆಂಪಿಯರನ್ನೇ ಮತ್ತೆ ಹಂಚಿದ ಹಾಗೆ. ಎರಡನ್ನೂ ಕೊಂಡೆ. ಕೇಬಲ್ ಗಿಡ್ಡದ್ದು, ದಪ್ಪದ್ದು ಇರಲಿ ಅಂತ ಅವನೇ ಆರಿಸಿ ಕೊಟ್ಟ. ಉದ್ದದ ತೆಳು ಕೇಬಲಿನಲ್ಲಿ ದಾರಿಯಲ್ಲೇ ವೋಲ್ಟ್ ಇಳಿದುಹೋಗುತ್ತದೆ. ತಪ್ಪು ನನ್ನದೂ ಅಲ್ಲ ಡಿಸ್ಕಿನದೂ ಅಲ್ಲ ಅಂತ ಗೊತ್ತಾದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ನೆಮ್ಮದಿಯಾಗಿ ಒಂದು ಕಾಫಿ ಕುಡಿದೆ.

ಭಾನುವಾರ ಬೆಳಗ್ಗೆ ಹಬ್ ಹಾಕಿ ಚುಚ್ಚಿದೆ. ಡಿಸ್ಕ್ ಎದ್ದಿತು. ಟಿಕ್ ಇಲ್ಲ. ಪೊಟ್ಟಣ ಬಿಚ್ಚಲು ಕೈ ಹೋಯಿತು, ಆದರೆ ಅದಕ್ಕೂ ಮೊದಲು ಡಿಸ್ಕನ್ನು ಸಜ್ಜು ಮಾಡಿಕೊಳ್ಳಬೇಕಿತ್ತು.

ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡಲು ಬೇರೆ ಬೇರೆ ಪದ್ಧತಿಗಳಿವೆ. ಅದು ಅಂಗಡಿಯಿಂದ ಬಂದಾಗ ಎಕ್ಸ್‌ಫ್ಯಾಟ್‌ನಲ್ಲಿತ್ತು. ವಿಂಡೋಸ್, ಮ್ಯಾಕ್, ಈಚಿನ ಲಿನಕ್ಸ್ ಎಲ್ಲ ಕಡೆಯೂ ಓದಬಹುದು, ಅದು ಅದರ ದೊಡ್ಡ ಗುಣ. ಹಳೇ ಫ್ಯಾಟ್32 ಅಂತೂ ನನಗೆ ಆಗುವುದಿಲ್ಲ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಊರಿನ ಹಿರಿಯರ ಮಾತು ರೆಕಾರ್ಡ್ ಮಾಡಿದ ವಿಡಿಯೋಗಳು ಅದಕ್ಕಿಂತ ದೊಡ್ಡವು. ಕೊನೆಗೆ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿದೆ. ಕಾರಣ ನಮ್ಮೂರಿನ ಕರೆಂಟ್. ಎನ್‌ಟಿಎಫ್‌ಎಸ್ ಡಿಸ್ಕಿನ ಫೈಲುಗಳ ಪಟ್ಟಿಯಲ್ಲಿ ಏನಾದರೂ ಬದಲಾಯಿಸುವ ಮೊದಲು, ಏನು ಬದಲಾಯಿಸಲಿದ್ದೇನೆ ಅಂತ ಒಂದು ಕಡೆ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಆ ಬರಹ ನೋಡಿ ಪಟ್ಟಿಯನ್ನು ಸರಿ ಮಾಡಿಕೊಳ್ಳುತ್ತದೆ. ವಿಂಡೋಸಿನ ಎಕ್ಸ್‌ಫ್ಯಾಟ್‌ನಲ್ಲಿ ಆ ಬರಹ ಇಲ್ಲ. ಮಳೆಗಾಲದ ಮಲೆನಾಡಿನಲ್ಲಿ ಇದು ಸಣ್ಣ ವಿಷಯವಲ್ಲ, ಅಲ್ವಾ?

ಆಮೇಲೆ ಪೊಟ್ಟಣ ಬಿಚ್ಚಿದೆ. ಕಾರ್ಡಿನ ಪಕ್ಕದಲ್ಲಿರುವ ಬರೆಯದಂತೆ ತಡೆಯುವ ಗುಂಡಿ ಸರಿಸಿ, ಲ್ಯಾಪ್‌ಟಾಪಿನ ಕಾರ್ಡ್ ಕಿಂಡಿಗೆ ಹಾಕಿದೆ. ಫೋಟೊರೆಕ್ ಶುರು ಮಾಡಿದೆ. ಸಿಕ್ಕಿದ್ದನ್ನು ಹೊಸ ಡಿಸ್ಕಿಗೆ ಇಳಿಸು ಅಂತ ಹೇಳಿದೆ. ಅದು ಫೈಲುಗಳ ಹೆಸರು ನೋಡುವುದಿಲ್ಲ. ರಾ ಫೈಲು ಹೇಗೆ ಶುರುವಾಗುತ್ತದೆ ಅನ್ನುವ ಗುರುತು ಹಿಡಿದು ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ತಡಕುತ್ತದೆ. ಎಣಿಕೆ ಏರುತ್ತಾ ಹೋಯಿತು. 100. 260. 400. ನಾನು ಅಡಿಗೆಮನೆಗೂ ಮೇಜಿಗೂ ನಡುವೆ ಓಡಾಡಿದೆ. ನಮ್ಮನೆಯವರು ಅನ್ನಕ್ಕೆ ತಾವೇ ನೀರಿಟ್ಟರು.

ಸಿಕ್ಕ ಫೈಲುಗಳಿಗೆ ಹಳೇ ಹೆಸರಿಲ್ಲ, ಬರೀ ನಂಬರು. ಒಂದೊಂದೇ ತೆಗೆದು ನೋಡಬೇಕು. ಮೊದಲು ಬಂದಿದ್ದೆಲ್ಲ ಮೇ ತಿಂಗಳದ್ದು. ಹೊಸ ಚಿತ್ರಗಳು ಕಾರ್ಡಿನ ಮೊದಲ ಅರ್ಧವನ್ನು ತುಂಬಿದ್ದವು. ಆ ಗಡಿ ದಾಟಿದ ಮೇಲೆ ಏಪ್ರಿಲ್ ಶುರುವಾಯಿತು. ಈಶ್ವರ ದೇವಸ್ಥಾನದ ಅಂಗಳ ಬಂತು. 38 ಚಿತ್ರ ತೆಗೆದಿದ್ದೆ, 21 ಸಿಕ್ಕವು. ಪೂರ್ತಿ ಕಲ್ಲನ್ನು ಎದುರಿನಿಂದ ತೆಗೆದ ಮೊದಲ ಚಿತ್ರಗಳು ಹೋಗಿದ್ದವು. ಕೆಳಗಿನ ಪಟ್ಟಿಕೆಗೆ ನಾನು ಕೊನೆಯಲ್ಲಿ ಬಂದಿದ್ದೆ, ಮಂಡಿಯೂರಿ ಕೂತು, ಎಡದಿಂದ ಟಾರ್ಚ್ ಹಿಡಿದು. ಆ ಹದಿನಾಲ್ಕೂ ಇದ್ದವು. ನಾಲ್ಕು ಹಸುಗಳೂ ಇದ್ದವು.

ಇಷ್ಟಾದ ಮೇಲೆ 290 ಜಿಬಿಯನ್ನು ಸಾಗಿಸುವ ಕೆಲಸ ಉಳಿದಿತ್ತು. ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್ ಅನ್ನುತ್ತಾರೆ, ಅದು 60 ಎಂಬಿ. ಕೈಗೆ ಸಿಗುವುದು 30ರ ಆಸುಪಾಸು. ನನಗೆ 28 ಸಿಕ್ಕಿತು. ಮೂರು ಗಂಟೆಯ ಕೆಲಸ. ರಾತ್ರಿ ಹತ್ತಕ್ಕೆ ಶುರು ಮಾಡಿ ಮಲಗಿದೆ.

ಹನ್ನೊಂದೂವರೆಗೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಇಪ್ಪತ್ತು ನಿಮಿಷ ತಡೆಯುತ್ತದೆ, ಅದು ಎದ್ದೇ ಇತ್ತು. ಡಿಸ್ಕ್ ಮಾತ್ರ ಮಲಗಿಬಿಟ್ಟಿತು. ಹಬ್ಬಿನ ಅಡಾಪ್ಟರ್ ಗೋಡೆಯಲ್ಲಿತ್ತಲ್ಲ! ಹಬ್ ಹಾಕಿದಾಗ ಡಿಸ್ಕಿಗೆ ಲ್ಯಾಪ್‌ಟಾಪಿನ ಬ್ಯಾಟರಿಯ ಆಸರೆ ತಪ್ಪುತ್ತದೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಬೆಳಗ್ಗೆ ವಿಂಡೋಸಿನ ಡಿಸ್ಕ್ ಪರೀಕ್ಷೆ ಓಡಿಸಿದೆ. ಪಟ್ಟಿ ಸರಿಯಿತ್ತು. ಕೊನೆಯ ಒಂದು ಫೈಲ್ ಮಾತ್ರ ಅರ್ಧ ಬರೆದು ನಿಂತಿತ್ತು. ಅದನ್ನು ಅಳಿಸಿ ಮತ್ತೆ ಶುರು ಮಾಡಿದೆ. ಈ ಸಲ ಎಳೆದು ಬಿಡುವ ಕಾಪಿ ಮಾಡಲಿಲ್ಲ. ವಿಂಡೋಸ್ ಜೊತೆಗೇ ಬರುವ ರೋಬೋಕಾಪಿ ಬಳಸಿದೆ. ಆಗಲೇ ಹೋಗಿರುವುದನ್ನು ಬಿಟ್ಟು, ಹೋಗದೇ ಇರುವುದನ್ನು ಮಾತ್ರ ಅದು ಕಳಿಸುತ್ತದೆ. ಹಬ್ಬಿನ ಅಡಾಪ್ಟರನ್ನು ಇನ್ವರ್ಟರ್ ಇರುವ ಪ್ಲಗ್ಗಿಗೆ ಬದಲಾಯಿಸಿದೆ. ಇನ್ವರ್ಟರ್ ಇಲ್ಲದ ಮನೆಯಾದರೆ ನಾನು ವೈ ಕೇಬಲನ್ನೇ ಆರಿಸುತ್ತೇನೆ. ಅದರಲ್ಲಿ ಡಿಸ್ಕ್ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೇ ಇರುತ್ತದೆ, ಕರೆಂಟ್ ಹೋದರೆ ಸರಿಯಾಗಿ ಮುಗಿಸಿ ತೆಗೆಯಲು ಸಮಯ ಸಿಗುತ್ತದೆ.

ಒಂದೂ ಫೋಲ್ಡರ್ ಅಳಿಸಲಿಲ್ಲ. ಪೆನ್‌ಡ್ರೈವ್ ಕಲಿಸಿದ್ದು ಮೈಯಲ್ಲಿ ಇಳಿದಿತ್ತು. ಫ್ರೀಫೈಲ್‌ಸಿಂಕ್ ಅನ್ನುವ ಪ್ರೋಗ್ರಾಂ ಹಾಕಿಕೊಂಡು, ಎರಡೂ ಕಡೆಯ ಫೈಲುಗಳ ಒಳಗನ್ನೇ ಹೋಲಿಸು ಅಂತ ಹೇಳಿದೆ. ಅದು ಇನ್ನೊಂದು ರಾತ್ರಿ ತೆಗೆದುಕೊಂಡಿತು. ಆಗ ಒಂದು ವಿಚಿತ್ರ ಕಂಡಿತು. ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿನಲ್ಲೇ ಮೂರು ಚಿತ್ರ ಓದಲು ಬರಲಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ, ಡಿಸ್ಕಿನ ಆರೋಗ್ಯ ತೋರಿಸುವ ಪ್ರೋಗ್ರಾಂ ಹಾಕಿ ನೋಡಿದರೆ ಹಳದಿ ಬಣ್ಣ, ಅಂದರೆ ಎಚ್ಚರಿಕೆ. ಕರೆಂಟ್ ಪೆಂಡಿಂಗ್ ಸೆಕ್ಟರ್ ಅನ್ನುವ ಸಾಲಿನಲ್ಲಿ 8. ಈ ಕರೆಂಟ್ ಅಂದರೆ ವಿದ್ಯುತ್ತಲ್ಲ, ಸದ್ಯ ಅಂತ. ಓದಲು ತಡವರಿಸುತ್ತಿರುವ ಜಾಗಗಳ ಎಣಿಕೆ ಅದು. ಅಷ್ಟು ವರ್ಷ ದುಡಿದ ಡಿಸ್ಕ್, ದೂರಲು ಮನಸ್ಸು ಬರಲಿಲ್ಲ. ಆದರೆ ಈಗ ಹೊರಗಿನ ಡಿಸ್ಕೇ ನನ್ನ ಒಂದೇ ಗಟ್ಟಿ ಪ್ರತಿ ಆಗಿಬಿಟ್ಟಿತ್ತು. ಒಂದೇ ಪ್ರತಿ ಅಂದರೆ ಏನು ಅಂತ ಆ ಕಾಂಕ್ರೀಟ್ ಅಂಗಳದಲ್ಲಿ ನಿಂತು ನೋಡಿದ್ದೆನಲ್ಲ. ಮಗನಿಗೆ ಫೋನ್ ಮಾಡಿ, ಇನ್ನೊಂದು ಬೇಕು ಅಂದೆ.

ದಸರಾ ರಜೆಗೆ ಬರುವಾಗ ಅವನು ಅಂಗೈಯಗಲದ, ತಟ್ಟೆಗಳಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ 1 ಟಿಬಿ ಎಸ್‌ಎಸ್‌ಡಿ ತಂದ. ಅದನ್ನು ಹಬ್ ಇಲ್ಲದೆ, ವೈ ಕೇಬಲ್ ಇಲ್ಲದೆ ಹಳೇ ಕಿಂಡಿಗೆ ನೇರ ಚುಚ್ಚಿದೆ. ಎದ್ದಿತು. ಒಳಗೆ ಮೋಟಾರಿಲ್ಲ, ಎಬ್ಬಿಸಲು ಬಲ ಬೇಡ. ಎಲ್ಲ ಎಸ್‌ಎಸ್‌ಡಿಗಳೂ ಹೀಗೇ ಏಳುತ್ತವೆ ಅಂತಲ್ಲ. ತುಂಬಾ ವೇಗದ ಎನ್‌ವಿಎಂಇ ಜಾತಿಯವು ಜಾಸ್ತಿ ಕರೆಂಟ್ ಕೇಳುತ್ತವೆ. ಹಳೇ ಲ್ಯಾಪ್‌ಟಾಪಿಗೆ ಸಾದಾ ಸಾಟಾ ಜಾತಿಯದ್ದೇ ಸಾಕು. ವೇಗವೇನೂ ಹೆಚ್ಚಲಿಲ್ಲ, ಸೆಕೆಂಡಿಗೆ 34 ಎಂಬಿ. ಕಿಂಡಿಯೇ ಅಷ್ಟು ಕಿರಿದು. ವೇಗಕ್ಕಾಗಿ ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಜೋಡಿಸುತ್ತೇನೆ ಅನ್ನುವವರು ಇದನ್ನು ತಿಳಿದಿರಬೇಕು. ನನಗೆ ಬೇಕಿದ್ದದ್ದು ಬಸ್ಸಿನ ಕುಲುಕಾಟ ತಡೆಯುವುದು, ಕಡಿಮೆ ಕರೆಂಟಿನಲ್ಲಿ ನಡೆಯುವುದು. ಅವೆರಡೂ ಸಿಕ್ಕವು. ಹಾರ್ಡ್ ಡಿಸ್ಕ್ ಈಗ ಶಿವಮೊಗ್ಗದಲ್ಲಿ ತಮ್ಮನ ಮನೆಯ ಬೀರುವಿನಲ್ಲಿದೆ. ಮೂರು ತಿಂಗಳಿಗೊಮ್ಮೆ ಹೋದಾಗ ಹೊಸದನ್ನು ಸೇರಿಸುತ್ತೇನೆ. ವರ್ಷಗಟ್ಟಲೆ ಕರೆಂಟ್ ಇಲ್ಲದೆ ಸುಮ್ನೆ ಇಡುವುದಕ್ಕೆ ಎಸ್‌ಎಸ್‌ಡಿ ಅಷ್ಟು ಒಳ್ಳೆಯದಲ್ಲ ಅನ್ನುತ್ತಾರೆ, ಹಾಗಾಗಿ ಅದು ನನ್ನ ಚೀಲದಲ್ಲೇ ಓಡಾಡುತ್ತದೆ.

ವಿಜಯದಶಮಿಯ ಮರುದಿನ ಲ್ಯಾಪ್‌ಟಾಪು, ಎಸ್‌ಎಸ್‌ಡಿ ಎರಡನ್ನೂ ಹೊತ್ತುಕೊಂಡು ಆ ಊರಿಗೆ ಹೋದೆ. ಕಟ್ಟೆ ಕಟ್ಟಿಸಿದ ಹಿರಿಯರ ಮನೆಯ ಜಗುಲಿಯಲ್ಲಿ ಕೂತು ಆ ಹದಿನಾಲ್ಕು ಚಿತ್ರಗಳನ್ನು ತೋರಿಸಿದೆ. ಎಲ್ಲವನ್ನೂ ಹೇಳಿದೆ, ನಾನು ಅಳಿಸಿದ್ದನ್ನೂ ಸೇರಿಸಿ. ಅವರು ತುಂಬಾ ಹೊತ್ತು ನೋಡಿದರು. "ಇದು ನಾವು ಹುಗಿದಿದ್ದಾ ಅಕ್ಕೋರೆ?" ಅಂದರು. ಹೌದು ಅಂದೆ. ಒಳಗಿದ್ದ ಮೊಮ್ಮಗನನ್ನು ಕೂಗಿದರು.

ಅವನ ಫೋನಿಗೆ ಎಸ್‌ಎಸ್‌ಡಿ ಜೋಡಿಸಿದರೆ ಓದಲಿಲ್ಲ. ನಾನು ಅದನ್ನೂ ಎನ್‌ಟಿಎಫ್‌ಎಸ್ ಮಾಡಿದ್ದೆ, ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಅದನ್ನು ಓದುವುದಿಲ್ಲ. ಚಿತ್ರಗಳನ್ನು ಜೆಪೆಗ್ ಮಾಡಿ, ಕ್ಯಾಮೆರಾದ ಕಾರ್ಡಿಗೆ ಇಳಿಸಿ, ಕಾರ್ಡ್ ರೀಡರ್ ಮೂಲಕ ಅವನ ಫೋನಿಗೆ ಹಾಕಿದೆ. ಪೊಟ್ಟಣದಲ್ಲಿ ಐದು ವಾರ ಕೂತಿದ್ದ ಅದೇ ಕಾರ್ಡು.

ಹುಡುಗ ಫೋನನ್ನು ಅಜ್ಜನ ಕೈಗೆ ಕೊಟ್ಟ. ಅವರು ಎರಡು ಬೆರಳಿನಿಂದ ಹಸುಗಳನ್ನು ದೊಡ್ಡದು ಮಾಡಿದರು. ಆಮೇಲೆ ಎದ್ದು, ಫೋನ್ ಹಿಡಿದುಕೊಂಡೇ ದೇವಸ್ಥಾನದ ಕಡೆ ನಡೆದರು. ಕಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸಿಮೆಂಟು ಎಲ್ಲಿಂದ ಬಿಡಿಸಿದರೆ ಕಲ್ಲಿಗೆ ಪೆಟ್ಟಾಗುವುದಿಲ್ಲ ಅಂತ ಮೊಮ್ಮಗನ ಹತ್ತಿರ ಮಾತಾಡತೊಡಗಿದರು.